ನಾಳಗರ್ಭದ ನಂತರದ ಗರ್ಭಧಾರಣೆ

ಭ್ರೂಣ ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ, ನೆಲೆಯೂರಿದ್ದಕ್ಕೆ ಚಿಕಿತ್ಸೆ ಪಡೆದ ಮಹಿಳೆ ಮತ್ತೆ ಬಸಿರಾಗುವುದು. ಒಂದು ನಾಳ ತೆಗೆದಿದ್ದರೂ ಇನ್ನೊಂದು ಚೆನ್ನಾಗಿದ್ದರೆ ಸಹಜವಾಗಿಯೇ ಗರ್ಭ ನಿಲ್ಲಬಹುದು. ಬಹಳಷ್ಟು ಮಂದಿಗೆ ನಿಲ್ಲುತ್ತದೆ ಕೂಡ. ನಾಳಗರ್ಭದ ಚಿಕಿತ್ಸೆಗೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಪಡೆದವರು ಮತ್ತೆ ಬಸಿರಾಗಲು ಕನಿಷ್ಠ 3 ತಿಂಗಳು ಕಾಯಬೇಕು. ಭಾರ ಎತ್ತಿದ್ದು, ಖಾರ ತಿಂದದ್ದು ನಾಳಗರ್ಭಕ್ಕೆ ಕಾರಣವಲ್ಲ. ಹಾಗೆಂದು ಮನೆಯ ಸೊಸೆಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಹಳೆಯ ಸೋಂಕು, ಶಸ್ತ್ರಚಿಕಿತ್ಸೆಗಳಿಂದ ನಾಳಕ್ಕಾದ ಹಾನಿ ಮುಖ್ಯ ಕಾರಣ.

ನಾಳಗರ್ಭ ಮರುಕಳಿಸುವ ಸಾಧ್ಯತೆ ಸುಮಾರು ಶೇ. 10. ಆದ್ದರಿಂದ ಮುಟ್ಟು ತಪ್ಪಿದ ಕೂಡಲೇ ಪರೀಕ್ಷೆ, 6–7ನೇ ವಾರದಲ್ಲಿ ಸ್ಕ್ಯಾನ್ ಆಗಲೇಬೇಕು. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ; ದೊಡ್ಡ ಚಿಕಿತ್ಸೆಗೆ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಅಥವಾ ಕಲಬುರಗಿಗೆ ಹೋಗಬೇಕಾಗಬಹುದು. ದಾರಿ ದೂರ. ಒಂದೇ ಪಕ್ಕದಲ್ಲಿ ಕಿಬ್ಬೊಟ್ಟೆ ನೋವು, ಭುಜದ ತುದಿಯಲ್ಲಿ ನೋವು, ಕಣ್ಣಿಗೆ ಕತ್ತಲು ಬಂದಂತಾದರೆ ಬೆಳಗಾಗಲಿ ಎನ್ನದೆ 108 ಆಂಬ್ಯುಲೆನ್ಸ್‌ಗೆ ಕರೆ ಮಾಡಬೇಕು.