ಹೊಸ ಶುಶ್ರೂಷಕರು ಮತ್ತು ಕೆಲಸದ ಸ್ಥಳದಲ್ಲಿನ ಕಿರುಕುಳ: ದೂರು ಸಲ್ಲಿಸುವ ವಿಧಾನ

ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಪೂರೈಸಿ, ನೋಂದಣಿ ಪಡೆದು ಆಸ್ಪತ್ರೆಗಳಿಗೆ ಸೇರುವ ಶುಶ್ರೂಷಕರಲ್ಲಿ ಕೆಲವರು ಆರಂಭದ ತಿಂಗಳುಗಳಲ್ಲಿಯೇ ಕೆಲಸ ಬಿಡುವ ಯೋಚನೆಗೆ ಬರುತ್ತಾರೆ. ರೋಗಿಗಳ ಸಂಖ್ಯೆಗೆ ತಕ್ಕಷ್ಟು ಸಿಬ್ಬಂದಿ ಇಲ್ಲದಿರುವುದು, ಸತತ ರಾತ್ರಿ ಪಾಳಿ ಹಾಗೂ ಕಡಿಮೆ ವೇತನ ಇದಕ್ಕೆ ಕಾರಣಗಳಾಗಿವೆ. ಖಾಸಗಿ ಆಸ್ಪತ್ರೆಗಳ ವೇತನದ ಬಗ್ಗೆ ಸರ್ವೋಚ್ಚ ನ್ಯಾಯಾಲಯದ 2016ರ ನಿರ್ದೇಶನದಂತೆ ರಚಿತವಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಗಳಲ್ಲಿಯೂ ಮಾಸಿಕ ರೂ. 20,000ಕ್ಕೆ ಕಡಿಮೆ ಇರಬಾರದೆಂದು ಶಿಫಾರಸು ಮಾಡಿತ್ತು. ಇವುಗಳೊಂದಿಗೆ ಹಿರಿಯರ ಅಥವಾ ಸಹೋದ್ಯೋಗಿಗಳ ಕಿರುಕುಳವೂ ಸೇರಿದಾಗ ಹೊಸಬರು ಸೇವೆಯಲ್ಲಿ ಉಳಿಯುವುದು ಕಷ್ಟವಾಗುತ್ತದೆ.

ಕಿರುಕುಳ ಎಂದರೇನು?

ಒಬ್ಬರನ್ನೇ ಗುರಿಯಾಗಿಸಿ ಪದೇ ಪದೇ ನಡೆಯುವ ಅವಮಾನಕರ ವರ್ತನೆಯೇ ಕಿರುಕುಳ. ಉದಾಹರಣೆಗೆ:

• ರೋಗಿಗಳ ಮತ್ತು ಅವರ ಬಂಧುಗಳ ಎದುರು ಗದರುವುದು, ಹೀಯಾಳಿಸುವುದು;
• ಪಾಳಿ ಬದಲಾಗುವಾಗ ರೋಗಿಯ ಅಗತ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಿಳಿಸದಿರುವುದು;
• ಕಾರಣವಿಲ್ಲದೆ ಒಬ್ಬರಿಗೇ ರಾತ್ರಿ ಪಾಳಿ ಹಾಕುವುದು, ರಜೆ ನಿರಾಕರಿಸುವುದು;
• ಅನುಭವ ಪ್ರಮಾಣಪತ್ರ ಕೊಡುವುದಿಲ್ಲವೆಂದು ಬೆದರಿಸುವುದು.

ತಪ್ಪನ್ನು ಖಾಸಗಿಯಾಗಿ ತಿಳಿಹೇಳುವುದು, ವಿವರಣೆ ಕೇಳುವುದು ಹಾಗೂ ಸರದಿಯಂತೆ ಪಾಳಿ ಹಂಚುವುದು ಮೇಲ್ವಿಚಾರಣೆಯ ಭಾಗವಾಗಿದ್ದು, ಕಿರುಕುಳವೆನಿಸುವುದಿಲ್ಲ.

ರೋಗಿಯ ಸುರಕ್ಷತೆ

ಕಿರುಕುಳದ ಪರಿಣಾಮ ಶುಶ್ರೂಷಕರಿಗಷ್ಟೇ ಸೀಮಿತವಲ್ಲ. ಬೈಗುಳಕ್ಕೆ ಹೆದರಿದವರು ಔಷಧದ ಪ್ರಮಾಣದ ಬಗ್ಗೆ ಸಂದೇಹ ಬಂದರೂ ಕೇಳಲು ಹಿಂಜರಿಯುತ್ತಾರೆ. ಕೇಳದೆ ಉಳಿದ ಆ ಒಂದು ಪ್ರಶ್ನೆ ರೋಗಿಯ ಪ್ರಾಣಕ್ಕೆ ಅಪಾಯ ತರಬಹುದು.

ಮನೋಸ್ಥೈರ್ಯ

ವಿಶ್ರಾಂತಿ, ಗೆಳೆಯರ ಬೆಂಬಲ ಹಾಗೂ ಅನುಭವಿಗಳ ಮಾರ್ಗದರ್ಶನದಿಂದ ಮನೋಸ್ಥೈರ್ಯ ಹೆಚ್ಚುತ್ತದೆ. ಆದರೆ ಸಹಿಸಿಕೊಳ್ಳುವಂತೆ ಹೊಸಬರಿಗೆ ಬುದ್ಧಿ ಹೇಳುವುದರಿಂದ ಕಿರುಕುಳ ನಿಲ್ಲುವುದಿಲ್ಲ. ಅದನ್ನು ತಡೆಯುವುದು ಸಂಸ್ಥೆಯ ಹೊಣೆ. ಮಾನಸಿಕ ನೆರವಿಗೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ದೂರು ಸಲ್ಲಿಸುವ ವಿಧಾನ

ಭಾರತದಲ್ಲಿ ಸಾಮಾನ್ಯ ಸ್ವರೂಪದ ಕಿರುಕುಳಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಆದುದರಿಂದ ಲಿಖಿತ ದಾಖಲೆ ಮುಖ್ಯ.

1. ಘಟನೆಯ ದಿನಾಂಕ, ಸಮಯ, ವಾರ್ಡ್, ಆಡಿದ ಮಾತು ಮತ್ತು ಸಾಕ್ಷಿಗಳ ಹೆಸರನ್ನು ಅಂದೇ ಬರೆದಿಡುವುದು. ರೋಗಿಗಳ ದಾಖಲೆಗಳನ್ನು ನಕಲು ಮಾಡಬಾರದು.
2. ಶುಶ್ರೂಷಾ ಅಧೀಕ್ಷಕರಿಗೆ ಲಿಖಿತ ದೂರು ಸಲ್ಲಿಸಿ, ಪ್ರತಿಯ ಮೇಲೆ ಸ್ವೀಕೃತಿ ಪಡೆಯುವುದು. ದೂರು ಅವರ ವಿರುದ್ಧವೇ ಇದ್ದಲ್ಲಿ ಸಂಸ್ಥೆಯ ಮುಖ್ಯಸ್ಥರಿಗೆ ಸಲ್ಲಿಸುವುದು.
3. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಸಿಬ್ಬಂದಿ ಇರುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಅದಕ್ಕಿಂತ ಕಡಿಮೆ ಇದ್ದಲ್ಲಿ ಅಥವಾ ಮಾಲೀಕರ ವಿರುದ್ಧವೇ ದೂರು ಇದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಸಲ್ಲಿಸಬೇಕು. ಘಟನೆ ನಡೆದ 3 ತಿಂಗಳೊಳಗೆ ದೂರು ನೀಡಬೇಕು. ಸೂಕ್ತ ಕಾರಣವಿದ್ದಲ್ಲಿ ಸಮಿತಿಯು ಇನ್ನೂ 3 ತಿಂಗಳವರೆಗೆ ಅವಧಿ ವಿಸ್ತರಿಸಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಗುತ್ತಿಗೆ ಸಿಬ್ಬಂದಿ ಹಾಗೂ ತರಬೇತಿಯಲ್ಲಿರುವವರಿಗೂ ಈ ರಕ್ಷಣೆ ಇದೆ.
4. ರೋಗಿಗಳ ಕಡೆಯವರು ಹಲ್ಲೆ ನಡೆಸಿದಲ್ಲಿ ಪೊಲೀಸ್ ಠಾಣೆಗೆ ದೂರು ನೀಡಬೇಕು. ವೈದ್ಯಕೀಯ ಸೇವಾ ಸಿಬ್ಬಂದಿಯ ರಕ್ಷಣೆಗಾಗಿ ಇರುವ ರಾಜ್ಯದ 2009ರ ಅಧಿನಿಯಮವು ಶುಶ್ರೂಷಕರಿಗೂ ಅನ್ವಯಿಸುತ್ತದೆ.

ರಾಜೀನಾಮೆಗೆ ಮುನ್ನ

ನೇಮಕಾತಿ ಆದೇಶದಲ್ಲಿರುವ ಪೂರ್ವಸೂಚನೆಯ ಅವಧಿಯನ್ನು ಓದಿಕೊಳ್ಳುವುದು ಒಳಿತು. ಕೆಲಸ ಬಿಡುವುದಾದರೂ ದೂರನ್ನು ದಾಖಲಿಸಿಯೇ ಬಿಡುವುದು ಸೂಕ್ತ. ಅದೇ ವಾರ್ಡಿಗೆ ಮುಂದೆ ಬರುವ ಹೊಸಬರಿಗೆ ಆ ದಾಖಲೆಯೇ ಆಧಾರವಾಗುತ್ತದೆ.