ಸಾಮಾಜಿಕ ಪರಿಸರ ಮತ್ತು ವಿದ್ಯಾರ್ಥಿಗಳ ನೈತಿಕತೆ (ವಿಜಯಪುರ ಜಿಲ್ಲೆ)

ಮನೆ, ಓಣಿ, ಗೆಳೆಯರ ಬಳಗ, ಶಾಲೆ, ಮಠಗಳ ಒಡನಾಟದಲ್ಲಿ ವಿದ್ಯಾರ್ಥಿಯ ಸರಿ-ತಪ್ಪುಗಳ ವಿವೇಕ ರೂಪುಗೊಳ್ಳುತ್ತದೆ. ಮಕ್ಕಳು ಹಿರಿಯರ ನಡೆಯನ್ನು ನೋಡಿ ಅನುಕರಿಸುತ್ತಾರೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1961ರಲ್ಲಿ ಬೊಂಬೆಯೊಂದನ್ನು ಬಳಸಿ ನಡೆಸಿದ ಪ್ರಯೋಗದಲ್ಲಿ ತೋರಿಸಿದರು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಈ ಸಾಮಾಜಿಕ ಪರಿಸರಕ್ಕೆ ಎರಡು ಮುಖಗಳಿವೆ. ಒಂದು, ಶರಣ ಪರಂಪರೆ. 12ನೆಯ ಶತಮಾನದ ಬಸವಣ್ಣ ಬಾಗೇವಾಡಿಯಲ್ಲಿ ಜನಿಸಿ, ಉಪನಯನ ನಿರಾಕರಿಸಿ, ವಿದ್ಯೆಗಾಗಿ ಕೂಡಲಸಂಗಮಕ್ಕೆ ಹೋದರೆಂಬ ಪ್ರತೀತಿಯಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ (ನಿಧನ 2023) ತಮ್ಮ ಪ್ರವಚನ ಹಾಗೂ ಸರಳ ಬದುಕಿನಿಂದ ಮಾದರಿಯಾದರು. ಇನ್ನೊಂದು, ಬರ ಮತ್ತು ಗುಳೆ. ತಂದೆತಾಯಿ ದುಡಿಮೆಗಾಗಿ ಗೋವಾ, ಮಹಾರಾಷ್ಟ್ರಗಳಿಗೆ ಹೋದಾಗ ಅಜ್ಜ-ಅಜ್ಜಿಯರು, ಶಿಕ್ಷಕರು, ವಸತಿನಿಲಯಗಳೇ ಮಕ್ಕಳ ನಡತೆಯನ್ನು ತಿದ್ದುವ ಆಸರೆ.