ಹಸಿ ತೀರಿದ ಹೊಲದಲ್ಲಿ ಬಿಳಿಜೋಳ: ಬೆಳೆಯೊಳಗೆ ನಡೆಯುವುದೇನು?

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಸದಸ್ಯರಲ್ಲಿ ಅನೇಕರದು ಹಿಂಗಾರಿ ಬಿಳಿಜೋಳದ ಒಕ್ಕಲುತನ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಬಿತ್ತಿದ ಈ ಬೆಳೆ ಬಹುಮಟ್ಟಿಗೆ ಎರೆಭೂಮಿ ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆಯಬೇಕು. ತೆನೆ ಹೊರಬೀಳುವ ಹೊತ್ತಿಗೆ ಆ ಹಸಿ ತೀರುತ್ತ ಬಂದಿರುತ್ತದೆ. ಆಗ ಗಿಡ ಏನು ಮಾಡುತ್ತದೆ ಎಂಬ ಮಾಹಿತಿಯನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕೊಟ್ಟಿದ್ದೇವೆ.

ಎಲೆಯಲ್ಲಿ: ಮಣ್ಣು ಒಣಗಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ. ಇದರಿಂದ ಪತ್ರರಂಧ್ರಗಳ ಅಕ್ಕಪಕ್ಕದ ಕಾವಲು ಜೀವಕೋಶಗಳು ಪೊಟ್ಯಾಸಿಯಂ ಹಾಗೂ ನೀರನ್ನು ಕಳೆದುಕೊಂಡು ಸಡಿಲಾಗುತ್ತವೆ, ರಂಧ್ರ ಮುಚ್ಚುತ್ತದೆ. ನೀರು ಉಳಿಯುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವುದೂ ಕಡಿಮೆಯಾಗಿ ಆಹಾರ ತಯಾರಿಕೆ ಕುಗ್ಗುತ್ತದೆ, ಎಲೆ ಬಿಸಿಯೇರುತ್ತದೆ. ಜೋಳ ಸಿ-4 ವರ್ಗದ ಸಸ್ಯ. ಒಳಬಂದಷ್ಟು ಇಂಗಾಲದ ಡೈಆಕ್ಸೈಡನ್ನೇ ಒಟ್ಟುಗೂಡಿಸಿ ಬಳಸುವುದರಿಂದ, ಗೋಧಿಗಿಂತ ಕಡಿಮೆ ನೀರಿನಲ್ಲಿ ಅದರ ಕೆಲಸ ಸಾಗುತ್ತದೆ. ಎಲೆ ಸುರುಳಿಯಾಗುವುದು, ದಂಟಿನ ಮೇಲೆ ಬೂದಿಯಂತೆ ಕಾಣುವ ಮೇಣ, ಜೀವಕೋಶಗಳು ಸಕ್ಕರೆ ಮತ್ತು ಪ್ರೋಲೀನ್ ಕೂಡಿಡುವುದು, ಇವೆಲ್ಲ ನೀರು ಉಳಿಸುವ ಉಪಾಯಗಳೇ.

ದಂಟಿನಲ್ಲಿ: ಹೂಬಿಟ್ಟ ಮೇಲೆ ಬರ ಬಿದ್ದರೆ ಗಿಡ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಕಾಳಿಗೆ ಸಾಗಿಸುತ್ತದೆ. ದಂಟು ಬಡಕಲಾಗಿ, ಇದ್ದಿಲು ಕೊಳೆ ಎಂಬ ಶಿಲೀಂಧ್ರ ರೋಗ ತಗುಲಿ ಬೆಳೆ ನೆಲಕ್ಕೊರಗುತ್ತದೆ. ಆದ್ದರಿಂದಲೇ ಕೊನೆಯವರೆಗೆ ಎಲೆ ಹಸಿರಾಗಿರುವ ತಳಿಗಳಿಗೆ ಬೆಲೆ. ಇಂದಿಗೂ ಬಿತ್ತುವ ಎಂ 35-1, ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ 1930ರ ದಶಕದಲ್ಲಿ ಆಯ್ದ ತಳಿ.

ಹೊಲದಲ್ಲಿ: ಎರೆನೆಲ ಬಿರುಕು ಬಿಟ್ಟರೆ ಆಳದ ಹಸಿಯೂ ಆರುತ್ತದೆ. ಎಡೆ ಹೊಡೆದು ಬಿರುಕು ಮುಚ್ಚಿದರೆ ಅಷ್ಟು ನೀರು ಬೆಳೆಗೇ ಉಳಿಯುತ್ತದೆ, ಕಳೆಯೂ ಹೋಗುತ್ತದೆ.

ದನಕರುಗಳ ಬಗ್ಗೆ ಎಚ್ಚರಿಕೆ: ಬೆಳೆ ಕೈಕೊಟ್ಟಿತೆಂದು ಎಳೆಯ ಜೋಳಕ್ಕೆ ದನ ಬಿಡಬಾರದು. ಎಳೆಯ ಗಿಡದಲ್ಲಿಯೂ, ಕೂಳೆ ಚಿಗುರಿನಲ್ಲಿಯೂ ಧುರಿನ್ ಎಂಬ ವಸ್ತುವಿರುತ್ತದೆ. ಬರಕ್ಕೆ ಸಿಕ್ಕಿ ಕುಗ್ಗಿದ ಗಿಡದಲ್ಲಿ ಅದು ಹೆಚ್ಚು. ದನ ಅಗಿದಾಗ ಅದರಿಂದ ಹೈಡ್ರೋಸಯನಿಕ್ ಆಮ್ಲ ಹುಟ್ಟುತ್ತದೆ. ಹಸಿದ ದನ ಹೆಚ್ಚು ತಿಂದರೆ ನಿಮಿಷಗಳಲ್ಲೇ ಸಾಯಬಹುದು. ಮೇಯ್ದ ದನ ಏದುಸಿರು ಬಿಟ್ಟರೆ, ತತ್ತರಿಸಿದರೆ ಕೂಡಲೇ ಪಶುವೈದ್ಯರನ್ನು ಕರೆಯಿರಿ. ಹೊತ್ತಿಗೆ ಸರಿಯಾಗಿ ಕೊಟ್ಟರೆ ಇದಕ್ಕೆ ಮದ್ದುಂಟು. ಬಲಿತ ಬೆಳೆಯನ್ನು ಕೊಯ್ದು ಚೆನ್ನಾಗಿ ಒಣಗಿಸಿದ ಕಣಿಕೆಯಲ್ಲಿ ಈ ಅಪಾಯ ಬಹಳ ಕಡಿಮೆ.

ಈ ಕೊನೆಯ ಮಾತನ್ನು ಸದಸ್ಯರು ಮರಾಠಿ ಮಾತಾಡುವ ನೆರೆಹೊರೆಯ ರೈತರಿಗೂ ತಿಳಿಸಬೇಕೆಂದು ಕೋರುತ್ತೇವೆ.